ಆನ್‌ಲೈನ್ ತರಗತಿಯಲ್ಲಿ ಸಹಪಾಠಿಗಳು ದೊರೆಯುವ ಬಗೆ

ಹಾವೇರಿಯಲ್ಲೋ ಗದಗದಲ್ಲೋ ನೌಕರಿ ಮಾಡುತ್ತಲೇ ಆನ್‌ಲೈನ್‌ನಲ್ಲಿ ಎಂ.ಕಾಂ. ಓದುವವರಿಗೆ ಪಾಠದ ವಿಡಿಯೊ, ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತವೆ. ಸಿಗದಿರುವುದು ಜೊತೆಯಲ್ಲಿ ಓದುವವರ ಒಡನಾಟ. ಧಾರವಾಡದ ಹಾಸ್ಟೆಲ್, ಗ್ರಂಥಾಲಯಗಳಲ್ಲಿ ತಾನಾಗಿಯೇ ಬೆಳೆಯುವ ಈ ಒಡನಾಟವನ್ನು ಆನ್‌ಲೈನ್ ಶಿಕ್ಷಣದಲ್ಲಿ ಯೋಜಿಸಿಯೇ ಕಟ್ಟಬೇಕಾಗುತ್ತದೆ. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕೋರ್ಸುಗಳ ವೇದಿಕೆಯ ಮೂಲಕ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಅವಕಾಶ ನೀಡಿರುವುದರಿಂದ, ಕಾಲೇಜಿಗೆ ಹೋಗುವವರಿಗೂ ಇದು ಸಂಬಂಧಿಸಿದ ವಿಷಯವೇ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ 2000ದಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಇಂಥ ಕಲಿಕೆಯ ಸಮುದಾಯಕ್ಕೆ ಮೂರು ಬಗೆಯ ಉಪಸ್ಥಿತಿ ಬೇಕು: ಸಾಮಾಜಿಕ, ಬೌದ್ಧಿಕ ಮತ್ತು ಬೋಧನೆಯದು. ಪರಸ್ಪರ ಪರಿಚಯ, ಸಲುಗೆ ಮೊದಲನೆಯದಕ್ಕೆ ಸೇರುತ್ತವೆ. ಬೌದ್ಧಿಕ ಉಪಸ್ಥಿತಿಗೆ ನಾಲ್ಕು ಹಂತಗಳಿವೆ: ಪ್ರಶ್ನೆ ಏಳುವುದು, ಹುಡುಕಾಟ, ಜೋಡಣೆ, ಪರಿಹಾರ. ಆನ್‌ಲೈನ್ ಚರ್ಚೆಗಳನ್ನು ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡದ್ದೇನೆಂದರೆ, ಹೆಚ್ಚಿನವು ಎರಡನೆಯ ಹಂತದಲ್ಲೇ ನಿಂತುಬಿಡುತ್ತವೆ.

ಖಾರ ಕಡಿಮೆಯಿದ್ದರೂ ಬ್ಯಾಡಗಿ ಮೆಣಸಿನಕಾಯಿಗೆ ಅಷ್ಟು ಬೇಡಿಕೆ ಏಕೆ ಎಂದು ವಾಣಿಜ್ಯದ ಅಧ್ಯಾಪಕರೊಬ್ಬರು ಕೇಳಿದರು ಎಂದುಕೊಳ್ಳೋಣ. ಕಡುಗೆಂಪು ಬಣ್ಣವೇ ಕಾರಣವೆಂದು ಒಬ್ಬರು ಬರೆಯುತ್ತಾರೆ. ಆಹಾರಕ್ಕೆ ಬಣ್ಣ ಕೊಡುವ ಓಲಿಯೊರೆಸಿನ್ ಅನ್ನು ಅದರಿಂದ ತೆಗೆಯುತ್ತಾರೆಂದು ಇನ್ನೊಬ್ಬರು. 2011ರಲ್ಲಿ ದೊರೆತ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯನ್ನು ಮತ್ತೊಬ್ಬರು ನೆನಪಿಸುತ್ತಾರೆ. ಎಲ್ಲವೂ ಸರಿಯೇ, ಆದರೆ ಯಾರೂ ಯಾರಿಗೂ ಉತ್ತರಿಸಿಲ್ಲ. ಈ ಕಾರಣಗಳಲ್ಲಿ ಯಾವುದಕ್ಕೆ ತೂಕ ಹೆಚ್ಚು, ಬ್ಯಾಡಗಿಯದೇ ಆದ ಡಬ್ಬಿ ಮತ್ತು ಕಡ್ಡಿ ತಳಿಗಳ ಮಾರುಕಟ್ಟೆ ಧಾರಣೆಯನ್ನು ಎದುರಿಗಿಟ್ಟುಕೊಂಡು ಇಬ್ಬಿಬ್ಬರಾಗಿ ಬರೆಯಿರಿ ಎಂದು ಅಧ್ಯಾಪಕರು ಆಗ ಹೇಳಿದರೆ ಚರ್ಚೆ ಜೋಡಣೆಯ ಹಂತಕ್ಕೆ ದಾಟುತ್ತದೆ. ಬೋಧನೆಯ ಉಪಸ್ಥಿತಿ ಎಂದರೆ ಇದೇ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಇದೇ ಮುಖ್ಯ. ಇದಿಲ್ಲದೆ ವಾಟ್ಸ್ಆ್ಯಪ್ ಗುಂಪು ಎಷ್ಟೇ ಸಲುಗೆಯದಾಗಿದ್ದರೂ ಪರೀಕ್ಷೆಯ ವೇಳಾಪಟ್ಟಿ ಹಂಚಿಕೊಳ್ಳುವ ಜಾಗವಾಗಿಯೇ ಉಳಿಯುತ್ತದೆ.

ಸಲುಗೆ ಮತ್ತು ಕಲಿಕೆ ಒಂದೇ ಅಲ್ಲ. ತರಗತಿಯ ಸಮುದಾಯಭಾವವನ್ನು ಅಳೆಯಲು ಅಮೆರಿಕದ ಶಿಕ್ಷಣ ಸಂಶೋಧಕ ಆಲ್ಫ್ರೆಡ್ ರೊವಾಯ್ 2002ರಲ್ಲಿ ರೂಪಿಸಿದ 20 ಹೇಳಿಕೆಗಳ ಮಾಪಕವೂ ಒಡನಾಟದ ಭಾವನೆಯನ್ನೂ ಕಲಿಕೆಯನ್ನೂ ಬೇರೆಬೇರೆಯಾಗಿಯೇ ಅಳೆಯುತ್ತದೆ.

ಆಲ್ಬರ್ಟಾದ ಮಾದರಿ ಹುಟ್ಟಿದ್ದು ಕೇವಲ ಬರಹದ ಮೂಲಕ ನಡೆಯುತ್ತಿದ್ದ ಕಂಪ್ಯೂಟರ್ ಚರ್ಚೆಗಳಿಂದ. ಆದ್ದರಿಂದ ನೆಟ್‌ವರ್ಕ್ ದುರ್ಬಲವಾಗಿರುವ ಹಳ್ಳಿಯಿಂದ, ರಾತ್ರಿ ಪಾಳಿ ಮುಗಿಸಿ ಬಂದು ಬರೆಯುವವರನ್ನೂ ಇಂಥ ಸಮುದಾಯಕ್ಕೆ ಸೇರಿಸಿಕೊಳ್ಳಲು ಲೈವ್ ವಿಡಿಯೊ ಕಡ್ಡಾಯವೇನಲ್ಲ. ಅವರು ಬರೆದದ್ದನ್ನು ಓದಿ ಉತ್ತರಿಸುವ ಸಮಯವನ್ನು ಅಧ್ಯಾಪಕರ ಬೋಧನಾ ಅವಧಿಯಲ್ಲಿ ಲೆಕ್ಕ ಹಿಡಿಯುವುದು ಮಾತ್ರ ಅಗತ್ಯ.