ಕರುಣೆ ಮೊದಲು, ಪ್ರಾರ್ಥನೆ ಆಮೇಲೆ

ಈ ವಾರದ ಮನೆಪ್ರಾರ್ಥನೆಯಲ್ಲಿ ಓದಿದ್ದು ಲೂಕ 18:9–14, ಪ್ರಾರ್ಥಿಸಲು ದೇವಾಲಯಕ್ಕೆ ಹೋದ ಇಬ್ಬರ ಬಗ್ಗೆ ಯೇಸು ಹೇಳಿದ ಸಾಮ್ಯ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನು ತನ್ನ ಉಪವಾಸ, ದಶಮಾಂಶಗಳ ಪಟ್ಟಿ ಒಪ್ಪಿಸುತ್ತಾನೆ. ತೆರಿಗೆ ವಸೂಲಿ ಮಾಡುವ, ಜನ ಪಾಪಿಯೆಂದು ಕಾಣುತ್ತಿದ್ದ ಸುಂಕದವನು ದೂರದಲ್ಲೇ ನಿಂತು ಎದೆ ಬಡಿದುಕೊಂಡು, “ದೇವರೇ, ಪಾಪಿಯಾದ ನನ್ನನ್ನು ಕರುಣಿಸು” ಅನ್ನುತ್ತಾನೆ.

ಅವನು ತಗ್ಗಿದ್ದಕ್ಕೆ ಕೂಲಿಯಾಗಿ ಕರುಣೆ ಸಿಕ್ಕಿತು ಎಂದು ಓದಿಬಿಡುತ್ತೇವೆ. ಹಾಗಾದರೆ ತಗ್ಗುವುದೂ ಉಪವಾಸದಂತೆ ಇನ್ನೊಂದು ಲೆಕ್ಕವಾಯಿತು! ‘ಕರುಣಿಸು’ ಎಂಬುದಕ್ಕೆ ಗ್ರೀಕಿನಲ್ಲಿರುವುದು ‘ಹಿಲಾಸ್ಥೇತಿ’. ದೇವರ ಆಜ್ಞೆಗಳನ್ನಿಟ್ಟಿದ್ದ ಪೆಟ್ಟಿಗೆಯಾದ ಮಂಜೂಷದ ಮೇಲಿನ ಮುಚ್ಚಳಕ್ಕೆ, ಅಂದರೆ ಕೃಪಾಸನಕ್ಕೆ, ಗ್ರೀಕಿನಲ್ಲಿ ‘ಹಿಲಾಸ್ತೇರಿಯೋನ್’. ಎರಡಕ್ಕೂ ಬೇರು ಒಂದೇ. ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನ, ಜನರ ಪಾಪಗಳಿಗಾಗಿ ಮಹಾಯಾಜಕನು ರಕ್ತ ಚಿಮುಕಿಸುತ್ತಿದ್ದುದು ಅಲ್ಲೇ (ಯಾಜಕಕಾಂಡ 16). ಕ್ಷಮೆಗೆ ದೇವರೇ ಮಾಡಿಟ್ಟ ಏರ್ಪಾಡನ್ನು ನಂಬಿಯೇ ಸುಂಕದವನು ಬಾಯಿ ತೆರೆದ. ಅವನು ಬರುವ ಮೊದಲೇ ಕರುಣೆ ಅಲ್ಲಿ ಕಾದಿತ್ತು.

ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರದು. ಟಿಪ್ಪುವಿನ ಹಿಡಿತದಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ಅಲ್ಲಿ ಮೊಣಕಾಲೂರುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ: ಬರಿಗೈಯಲ್ಲಿ ಬಂದವರಿಗೆ ಪ್ರಾರ್ಥಿಸುವ ನೆಲವೂ ದಯೆಯಿಂದಲೇ ಸಿಕ್ಕಿತು.

“ಪ್ರಾರ್ಥನೆಯೂ ದೇವರ ವರವೇ ಆದರೆ ನಾವು ಸುಮ್ಮನೆ ಕೂರಬಹುದಲ್ಲ?” ಎಂದು ಒಬ್ಬ ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆ. ರೋಮಾಪುರದವರಿಗೆ ಬರೆದ ಪತ್ರದ 8:26 ನೋಡಿ: ಏನು ಬೇಡಬೇಕೆಂದು ತಿಳಿಯದ ನಮಗೆ ಪವಿತ್ರಾತ್ಮನು ಸಹಾಯಮಾಡುತ್ತಾನೆ. ಅಲ್ಲಿಯ ಕ್ರಿಯಾಪದಕ್ಕೆ, ಜೊತೆಗೆ ನಿಂತು ಎದುರು ತುದಿ ಹಿಡಿಯುವುದು ಎಂಬ ಅರ್ಥವಿದೆ. ಮಾರ್ಥಳು ತಂಗಿಯ ನೆರವು ಕೇಳುವಾಗ ಬಳಸಿದ್ದೂ ಅದೇ ಪದ (ಲೂಕ 10:40). ಕಣದಲ್ಲಿ 50 ಕೆಜಿ ಕಾಫಿ ಮೂಟೆ ಎತ್ತುವುದನ್ನು ನೆನೆಸಿಕೊಳ್ಳಿ. ಒಬ್ಬರೇ ಎಳೆದರೆ ಚೀಲ ನೆಲಕ್ಕೆ ಉಜ್ಜಿ ಹರಿಯುತ್ತದೆ. ಆ ಕಡೆಯ ಎರಡು ಮೂಲೆಗೆ ಇನ್ನೊಬ್ಬರ ಕೈ ಬಿದ್ದರೆ ಮೂಟೆ ಏಳುತ್ತದೆ. ಆಗಲೂ ಈ ಕಡೆ ನಮ್ಮ ಕೈ ಇದ್ದೇ ಇರುತ್ತದೆ.



ಕೊನೆಯಲ್ಲಿ ತೋಟದ ಕೂಲಿಗಳ ಸಾಲುಮನೆಯಾದ ಲೈನ್‌ಮನೆಯ ಅಕ್ಕನಿಗೆ ಪ್ರಾರ್ಥಿಸುವ ಸರದಿ ಬಂತು. ದಿನವಿಡೀ ಕಾಫಿ ಕೊಯ್ದು ಬಂದಿದ್ದರು, ಬೆರಳ ಸಂದಿಯ ಕರೆ ಇನ್ನೂ ಹೋಗಿರಲಿಲ್ಲ. “ಅಪ್ಪಾ...” ಅಂದವರಿಗೆ ಮುಂದೆ ಮಾತು ಹೊರಡಲಿಲ್ಲ. ನಾನು ಪುಟ ತಿರುಗಿಸಿ, ದತ್ತುಮಕ್ಕಳ ಆತ್ಮದಿಂದ ನಾವು “ಅಬ್ಬಾ, ತಂದೆಯೇ” ಎಂದು ಕೂಗುವ ರೋಮಾಪುರದವರಿಗೆ 8:15ನ್ನು ಮೆಲ್ಲಗೆ ಓದಿದೆ. ಅವರು ತಲೆಯ ಸೆರಗು ಸರಿಮಾಡಿಕೊಂಡು “ಆಮೆನ್” ಅಂದರು.