ಮಡ್‌ಸ್ಕಿಪ್ಪರ್ ಕೆಸರು ತಿಂದು ಬದುಕುತ್ತಾ?

ಪ್ರಶ್ನೆ: ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋಗಿದ್ದೆವು. ಕೆಸರಿನ ಮೇಲೆ ಜಿಗಿಯುವ ಮೀನೊಂದು ಕೆಸರನ್ನೇ ತಿನ್ನುತ್ತಿತ್ತು. ಬರೀ ಮಣ್ಣು ತಿಂದು ಅದು ಹೇಗೆ ಬದುಕುತ್ತದೆ? (ಬೆಂಗಳೂರಿನ ಓದುಗರು)

ಉತ್ತರ: ಉದ್ದ ರಜೆ ಮುಗಿಯಿತು ಅಂದರೆ ಬೆಂಗಳೂರಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ. ಮಡ್‌ಸ್ಕಿಪ್ಪರ್‌ಗೆ ಮಣ್ಣು ಆಹಾರವಲ್ಲ.

ನೀವು ಕಂಡದ್ದು ಸುಳ್ಳಲ್ಲ, ಅದರ ಅರ್ಥ ಮಾತ್ರ ಬೇರೆ. ಇಳಿತದ ಹೊತ್ತಿನಲ್ಲಿ ಕೆಸರನ್ನು ಹತ್ತಿರದಿಂದ ನೋಡಿ. ಮೇಲೆ ಕಂದು ಬಣ್ಣದ ತೆಳುವಾದ ಪದರ ಇರುತ್ತದೆ. ಅದು ಡಯಾಟಮ್, ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿ. ನೀರು ಇಳಿದು ಬಿಸಿಲು ಬಿದ್ದಾಗ ಇವು ಕೆಸರಿನ ಒಳಗಿನಿಂದ ಮೇಲಕ್ಕೆ ಬರುತ್ತವೆ. ಬೋಲಿಯೋಫ್ಥಾಲ್ಮಸ್ ಗುಂಪಿನ ಮಡ್‌ಸ್ಕಿಪ್ಪರ್‌ಗಳು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಈ ಪದರವನ್ನು ಕೆರೆದು ತೆಗೆಯುತ್ತವೆ, ಹಾಲಿನ ಮೇಲಿನ ಕೆನೆ ತೆಗೆದ ಹಾಗೆ. ಬಾಯಿಗೆ ಬಂದದ್ದನ್ನು ಒಳಗೇ ಸೋಸಿ ಪಾಚಿಯನ್ನು ನುಂಗುತ್ತವೆ, ಕೆಸರನ್ನು ಹೊರಗೆ ಬಿಡುತ್ತವೆ. ಸ್ವಲ್ಪ ಮಣ್ಣು ಹೊಟ್ಟೆಗೆ ಹೋಗುತ್ತದೆ, ನಿಜ. ಹೊಟ್ಟೆ ತುಂಬುವುದು ಅದರಿಂದಲ್ಲ.

ಈ ತಪ್ಪು ತಿಳುವಳಿಕೆಗೆ ಇನ್ನೊಂದು ಕಾರಣವೂ ಇದೆ. ಈ ಮೀನುಗಳು ಬಿಲ ತೋಡುವುದು ಬಾಯಿಯಿಂದ. ಒಳಗಿನ ಕೆಸರನ್ನು ಬಾಯಲ್ಲಿ ತುಂಬಿ ತಂದು ಹೊರಗೆ ಉಗುಳುತ್ತವೆ. ಕೆನ್ನೆ ಉಬ್ಬಿದ ಫೋಟೋ ನೋಡಿ ‘ಊಟ ಮಾಡುತ್ತಿದೆ’ ಅಂತ ಬರೆಯುತ್ತಾರೆ. ಅದು ಊಟವಲ್ಲ, ಮನೆ ಕಟ್ಟುವ ಕೆಲಸ. ದಯವಿಟ್ಟು ಸ್ವಲ್ಪ ಹೊತ್ತು ನಿಂತು ನೋಡಿ, ಉಗುಳುವುದೂ ಕಾಣುತ್ತದೆ.

ಎಲ್ಲ ಮಡ್‌ಸ್ಕಿಪ್ಪರ್‌ಗಳೂ ಪಾಚಿ ತಿನ್ನುವುದಿಲ್ಲ. ಪೆರಿಯೋಫ್ಥಾಲ್ಮಸ್ ಗುಂಪಿನವು ಬೇಟೆಗಾರರು. ಸಣ್ಣ ಏಡಿ, ಹುಳು, ಕೀಟ ಹಿಡಿಯುತ್ತವೆ.

ನೀರಿಲ್ಲದ ಜಾಗದಲ್ಲಿ ಮೀನು ನುಂಗುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದೇ ಅಲ್ವಾ? ಸಾಮಾನ್ಯವಾಗಿ ಮೀನು ನೀರಿನ ಜೊತೆ ಆಹಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಹಾಗೆ ಆಹಾರವನ್ನು ಗಂಟಲಿಗೆ ತಳ್ಳುವ ನಾಲಿಗೆ ಅದಕ್ಕಿಲ್ಲ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದವರು 2015ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಆಫ್ರಿಕಾದ ಒಂದು ಮಡ್‌ಸ್ಕಿಪ್ಪರ್ ತಿನ್ನುವುದನ್ನು ಅವರು ವೇಗದ ಕ್ಯಾಮೆರಾ ಮತ್ತು ಎಕ್ಸ್-ರೇ ವಿಡಿಯೋದಲ್ಲಿ ಚಿತ್ರಿಸಿದರು. ಅದು ಬಾಯಲ್ಲಿ ನೀರು ಇಟ್ಟುಕೊಂಡೇ ದಡಕ್ಕೆ ಬರುತ್ತದೆ. ಬೇಟೆಯ ಹತ್ತಿರ ಬಾಯಿ ತೆರೆದಾಗ ಆ ನೀರು ಮುಂದಕ್ಕೆ ಉಬ್ಬಿ ಬೇಟೆಯನ್ನು ಸುತ್ತಿಕೊಳ್ಳುತ್ತದೆ. ಆಮೇಲೆ ನೀರು, ಬೇಟೆ ಎರಡನ್ನೂ ಒಟ್ಟಿಗೆ ಒಳಗೆ ಹೀರಿಕೊಳ್ಳುತ್ತದೆ. ನೀರೇ ಅದರ ನಾಲಿಗೆ! ನೀರನ್ನು ಹೀರಿಕೊಳ್ಳುವಂಥ ನೆಲದ ಮೇಲೆ ಆಹಾರ ಇಟ್ಟಾಗ ಮೀನಿಗೆ ನುಂಗುವುದು ಕಷ್ಟವಾಯಿತು, ಬಹಳ ಸಲ ನೀರಿಗೆ ವಾಪಸ್ ಹೋಗಬೇಕಾಯಿತು.

ಹಾಗಾಗಿ ಏಡಿ ಕಚ್ಚಿಕೊಂಡ ಮೀನು ಹೊಂಡದ ಕಡೆ ಹೋದರೆ, ನಿಮ್ಮನ್ನು ನೋಡಿ ಹೆದರಿತು ಅಂತಲೇ ಅಂದುಕೊಳ್ಳಬೇಡಿ. ನುಂಗುವುದಕ್ಕೆ ಬೇಕಾದ ನೀರನ್ನು ಬಾಯಿಗೆ ತುಂಬಿಕೊಳ್ಳಲೂ ಹೋಗುತ್ತಿರಬಹುದು.