ಅಡ್ರಿನಲ್ ಗಡ್ಡೆ: "ಬಯಾಪ್ಸಿ ಎಲ್ಲಿ ಮಾಡಿಸೋಣ ಸರ್?"

ಪ್ರಶ್ನೆ: ಸರ್, ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ನಮ್ಮ ತಂದೆಯವರಿಗೆ 56 ವರ್ಷ. ಹರಳಿನ ನೋವು ಅಂತ ರಾಯಚೂರಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನಲ್ಲಿ ಕಿಡ್ನಿ ಹರಳಿನ ಜೊತೆಗೆ ಎಡಗಡೆ ಅಡ್ರಿನಲ್ ಗ್ರಂಥಿಯಲ್ಲಿ 2.2 ಸೆಂ.ಮೀ. ಗಡ್ಡೆ ಅಂತ ಬರೆದಿದ್ದಾರೆ. ಬಯಾಪ್ಸಿ ಎಲ್ಲಿ ಮಾಡಿಸಬೇಕು? ಬಳ್ಳಾರಿಗೆ ಹೋಗಬೇಕಾ?

ಉತ್ತರ: ಬಯಾಪ್ಸಿಗೆ ಎಲ್ಲಿಗೂ ಹೋಗಬೇಡಿ. ಬೇಸಿಗೆ ಶುರುವಾಗಿ ಹರಳಿನ ನೋವಿನವರು ಸ್ಕ್ಯಾನಿಂಗ್ ಸೆಂಟರಿಗೆ ಬರತೊಡಗಿದರೆ ಈ ಪ್ರಶ್ನೆಯೂ ಬೆನ್ನಿಗೇ ಬರುತ್ತದೆ. ಊರಿನ ಹೆಸರು ಬೇರೆ, ಸೆಂಟಿಮೀಟರ್ ಬೇರೆ, ಕೇಳುವುದು ಮಾತ್ರ ಅದನ್ನೇ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. ಇದನ್ನೇ ಮನೆಮಂದಿಗೆಲ್ಲ ಓದಿಸಿ.

ಅಡ್ರಿನಲ್ ಅಂದರೆ ಕಿಡ್ನಿಯ ಮೇಲೆ ಕೂತಿರುವ, ಹಾರ್ಮೋನ್ ಮಾಡುವ ಗ್ರಂಥಿ. ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಮಾಡಿಸಿದಾಗ ಅಡ್ರಿನಲ್‌ನಲ್ಲಿ ಗಡ್ಡೆ ಕಾಣುವುದು ಅಪರೂಪವೇನಲ್ಲ. ವಯಸ್ಸಾದಷ್ಟೂ ಹೆಚ್ಚು. ಬಹುಪಾಲು ಅಡಿನೋಮಾಗಳೇ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆಗಳು. ತಿಳಿಯಬೇಕಾದದ್ದು ಎರಡೇ: ಗಡ್ಡೆಯ ಗುಣ ಎಂಥದ್ದು, ಅದು ಹಾರ್ಮೋನನ್ನು ಅಳತೆ ಮೀರಿ ಸುರಿಸುತ್ತಿದೆಯೇ. ಮೊದಲನೆಯದನ್ನು ಸಿಟಿ ಹೇಳುತ್ತದೆ, ಎರಡನೆಯದನ್ನು ರಕ್ತ ಮತ್ತು ಮೂತ್ರ ಹೇಳುತ್ತವೆ.

"ಗಡ್ಡೆ ಅಂದಮೇಲೆ ಸೂಜಿ ಹಾಕಿ ತುಣುಕು ತೆಗೆದು ನೋಡದೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?" ಈ ನಂಬಿಕೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಸ್ತನದ ಗಂಟಿಗೆ, ಥೈರಾಯ್ಡ್ ಗಂಟಿಗೆ, ಕುತ್ತಿಗೆಯ ಗಂಟಿಗೆ ಸೂಜಿ ಪರೀಕ್ಷೆ ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಅದು ಸರಿ. ಅಡ್ರಿನಲ್‌ಗೆ ಆ ಲೆಕ್ಕ ನಡೆಯುವುದಿಲ್ಲ.

ಮೊದಲ ಕಾರಣ, ಸೂಜಿಯಲ್ಲಿ ಬರುವ ದಾರದಂಥ ತುಣುಕನ್ನು ನೋಡಿ ಅಡಿನೋಮಾ ಯಾವುದು, ಅಡ್ರಿನಲ್ ಹೊರಪದರದ ಕ್ಯಾನ್ಸರ್ ಯಾವುದು ಎಂದು ನಂಬಿಕೆಯಿಂದ ಹೇಳಲಾಗದು. ಪೆಥಾಲಜಿಯವರು ಇದಕ್ಕೆ ಬಳಸುವುದು ವೈಸ್ ಸ್ಕೋರ್. ಅದರಲ್ಲಿ 9 ಅಂಶ, 3 ಅಥವಾ ಹೆಚ್ಚು ಇದ್ದರೆ ಕ್ಯಾನ್ಸರ್. ಕವಚ ಸೀಳಿಕೊಂಡು ಹೊರಬಂದಿದೆಯೇ, ರಕ್ತನಾಳದೊಳಗೆ ನುಗ್ಗಿದೆಯೇ ಎಂಬುದೂ ಆ 9ರಲ್ಲಿ ಸೇರಿದೆ. ಅದನ್ನು ನೋಡಲು ಇಡೀ ಗಡ್ಡೆ ಮೇಜಿನ ಮೇಲೆ ಬೇಕು. ಹಾಗಾಗಿ "ಬಯಾಪ್ಸಿ ನಾರ್ಮಲ್ ಬಂತು" ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಎರಡನೆಯದು ಜೀವಕ್ಕೇ ಸಂಬಂಧಿಸಿದ್ದು. ಆ ಗಡ್ಡೆ ಫಿಯೋಕ್ರೋಮೋಸೈಟೋಮಾ (ಅಡ್ರಿನಲ್ ಒಳಪದರದ ಗಡ್ಡೆ, ಚಿಕ್ಕದಾಗಿ ಫಿಯೋ) ಆಗಿದ್ದರೆ ಅದರ ತುಂಬ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಇರುತ್ತವೆ. ಸೂಜಿ ಚುಚ್ಚಿದೊಡನೆ ಅವು ರಕ್ತಕ್ಕೆ ನುಗ್ಗಿ ಬಿಪಿ ಒಮ್ಮೆಲೇ ಏರಬಹುದು, ಹೃದಯದ ಬಡಿತ ತಾಳ ತಪ್ಪಬಹುದು, ಗಡ್ಡೆಯೊಳಗೆ ರಕ್ತಸ್ರಾವವಾಗಬಹುದು. ಟೇಬಲ್ ಮೇಲೆಯೇ ಸಾವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬಿಪಿ ನಾರ್ಮಲ್ ಇದೆ, ಹಾಗಾಗಿ ಅದಲ್ಲ ಎನ್ನಬೇಡಿ. ಬಿಪಿ ಇಲ್ಲದ ಫಿಯೋಗಳೂ ಇವೆ.

ಮೂರನೆಯದು, ಗಡ್ಡೆ ನಿಜಕ್ಕೂ ಕ್ಯಾನ್ಸರ್ ಆಗಿದ್ದರೆ ಅದನ್ನು ಕವಚ ಒಡೆಯದಂತೆ ಇಡಿಯಾಗಿ ತೆಗೆಯುವುದರಲ್ಲೇ ರೋಗಿಯ ಭವಿಷ್ಯವಿದೆ. ಆ ಕವಚಕ್ಕೆ ನಾವೇ ತೂತು ಮಾಡಿ, ಸೂಜಿ ಹಾದ ದಾರಿಯಲ್ಲಿ ಕ್ಯಾನ್ಸರ್ ಕಣ ಬೀಳಿಸುವುದು ಯಾವ ನ್ಯಾಯ?

ಹಾಗಾದರೆ ಗೊತ್ತಾಗುವುದು ಹೇಗೆ? ನಿಮ್ಮ ಕೈಯಲ್ಲಿರುವ ಸಿಡಿಯಿಂದ. ಹರಳಿಗೆ ಮಾಡುವ ಸಿಟಿ ಡೈ ಇಂಜೆಕ್ಷನ್ ಇಲ್ಲದೆ ಮಾಡುವಂಥದ್ದು. ಅಡ್ರಿನಲ್ ಗಡ್ಡೆಗೆ ಮೊದಲು ಬೇಕಾದದ್ದೂ ಅದೇ. ಹೊಸ ಸ್ಕ್ಯಾನ್ ಮಾಡಿಸುವ ಮುಂಚೆ ಸಿಡಿ ಒಯ್ದು ರೇಡಿಯಾಲಜಿಸ್ಟ್ ಹತ್ತಿರ "ಗಡ್ಡೆಯ ಎಚ್‌ಯು ಎಷ್ಟಿದೆ, ಬರೆದುಕೊಡಿ" ಎಂದು ಕೇಳಿ. ಫಿಲ್ಮ್ ಒಯ್ದರೆ ಪ್ರಯೋಜನವಿಲ್ಲ, ಫಿಲ್ಮಿನ ಮೇಲೆ ಅಳೆಯಲು ಬರುವುದಿಲ್ಲ.

ಎಚ್‌ಯು ಅಂದರೆ ಹೌನ್ಸ್‌ಫೀಲ್ಡ್ ಯೂನಿಟ್, ಸಿಟಿಯಲ್ಲಿ ಸಾಂದ್ರತೆಯ ಅಳತೆ. ನೀರು 0, ಕೊಬ್ಬು ಮೈನಸ್ 100ರ ಸುತ್ತಮುತ್ತ. ಅಡಿನೋಮಾದ ಜೀವಕೋಶಗಳಲ್ಲಿ ಕೊಬ್ಬಿನಂಶ ತುಂಬಿರುವುದರಿಂದ ಅದರ ಅಂಕಿ ಕೆಳಗಿರುತ್ತದೆ. ಗಡ್ಡೆ ಒಂದೇ ಸಮನಾಗಿದ್ದು ಅಂಕಿ 10 ಅಥವಾ ಕಡಿಮೆ ಇದ್ದರೆ ಅದು ನಿರಪಾಯ. 2023ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ಗಾತ್ರ ಎಷ್ಟೇ ಇರಲಿ, ಅಂಥದ್ದಕ್ಕೆ ಮತ್ತೆ ಸ್ಕ್ಯಾನ್ ಬೇಕಿಲ್ಲ. 11ರಿಂದ 20ರ ನಡುವೆ ಇದ್ದು, 4 ಸೆಂ.ಮೀ.ಗಿಂತ ಚಿಕ್ಕದಾಗಿ ಒಂದೇ ಸಮನಾಗಿದ್ದರೆ ಈಗಲೇ ಇನ್ನೊಂದು ಬಗೆಯ ಸ್ಕ್ಯಾನ್, ಇಲ್ಲವೇ 12 ತಿಂಗಳ ನಂತರ ಮತ್ತೆ ಸಿಟಿ. 20 ದಾಟಿದ್ದರೆ, ಅದರಲ್ಲೂ 4 ಸೆಂ.ಮೀ. ಮೀರಿ ಒಳಗೆಲ್ಲ ಏರುಪೇರಾಗಿದ್ದರೆ, ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು), ರೇಡಿಯಾಲಜಿಸ್ಟ್, ಸರ್ಜನ್ ಕೂತು ತೀರ್ಮಾನಿಸಬೇಕು. ಅಲ್ಲಿ ಹೆಚ್ಚಾಗಿ ಆಪರೇಷನ್ನೇ.

ಅಳೆಯುವಾಗಲೂ ತಪ್ಪಾಗುತ್ತದೆ. ಗಡ್ಡೆಯ ಅಂಚು ಸೇರಿಸಿ ವೃತ್ತ ಎಳೆದರೆ ಸುತ್ತಲಿನ ಕೊಬ್ಬು ಸೇರಿ ಅಂಕಿ ಸುಳ್ಳೇ ಕೆಳಗಿಳಿಯುತ್ತದೆ. ಗಡ್ಡೆಯ ಒಳಗೆ, ಅಂಚು ಬಿಟ್ಟು, ಮೂರರಲ್ಲಿ ಎರಡು ಪಾಲು ತುಂಬುವಂತೆ ವೃತ್ತ ಹಾಕಬೇಕು. ಡೈ ಕೊಟ್ಟಮೇಲೆ ತೆಗೆದ ಚಿತ್ರದಲ್ಲಿ ಅಳೆದ ಅಂಕಿಗೆ 10ರ ಗೆರೆ ಅನ್ವಯಿಸುವುದಿಲ್ಲ. ಖರ್ಚು ಕಡಿಮೆ ಎಂದು ಅಲ್ಟ್ರಾಸೌಂಡ್ ಕೇಳುವವರಿದ್ದಾರೆ. ಎಡಗಡೆಯ 2 ಸೆಂ.ಮೀ. ಗಡ್ಡೆ ಅದರಲ್ಲಿ ಗ್ಯಾಸಿನ ಹಿಂದೆ ಮರೆಯಾಗಿಬಿಡುತ್ತದೆ.

ಇನ್ನು ಹಾರ್ಮೋನ್. ಮೊದಲು ನೋಡುವುದು ಅಡ್ರಿನಲ್ ಮಾಡುವ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗಿದೆಯೇ ಎಂದು. ಡೆಕ್ಸಾಮೆಥಾಸೋನ್ 0.5 ಮಿ.ಗ್ರಾಂ. ಮಾತ್ರೆ ಎರಡು, ರಾತ್ರಿ 11ಕ್ಕೆ. ಮರುದಿನ ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ ರಕ್ತಪರೀಕ್ಷೆ. ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಅಥವಾ ಕಡಿಮೆ ಬಂದರೆ ಸರಿ. ಬಸ್ಸು ತಡವಾಯಿತೆಂದು 11ಕ್ಕೆ ರಕ್ತ ಕೊಟ್ಟರೆ ಆ ಫಲಿತಾಂಶವನ್ನು ನಂಬಲಾಗದು, ಹಿಂದಿನ ರಾತ್ರಿಯೇ ಊರಿಗೆ ಬಂದು ಉಳಿಯಿರಿ. ಫಿಟ್ಸ್‌ಗೆ ಫೆನಿಟಾಯಿನ್, ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಕಾರ್ಟಿಸಾಲ್ ಸುಳ್ಳೇ ಹೆಚ್ಚು ತೋರುತ್ತದೆ. ಮೊಣಕಾಲು ನೋವಿಗೆ ಹಾಕಿಸಿಕೊಂಡ ಸ್ಟೀರಾಯ್ಡ್ ಇಂಜೆಕ್ಷನ್ನನ್ನೂ ಮುಚ್ಚಿಡಬೇಡಿ. ಬಿಪಿ ಇದ್ದರೆ, ಪೊಟ್ಯಾಸಿಯಂ ಕಡಿಮೆಯಿದ್ದರೆ ಬಿಪಿ, ಉಪ್ಪಿನಂಶವನ್ನು ಹಿಡಿತದಲ್ಲಿಡುವ ಆಲ್ಡೋಸ್ಟಿರೋನ್ ಮತ್ತು ರೆನಿನ್ ಕೂಡ ನೋಡಬೇಕು.

ಎಚ್‌ಯು 10 ದಾಟಿದ್ದರೆ ಫಿಯೋ ಇದೆಯೇ ಎಂದು ತಿಳಿಸುವ ಮೆಟಾನೆಫ್ರಿನ್ ಪರೀಕ್ಷೆ ತಪ್ಪಿಸುವಂತಿಲ್ಲ. ರಕ್ತದಲ್ಲಾದರೆ 20–30 ನಿಮಿಷ ಮಲಗಿಸಿ, ಮಲಗಿದ್ದಂತೆಯೇ ರಕ್ತ ತೆಗೆಯಬೇಕು. ಮೂತ್ರದಲ್ಲಾದರೆ 24 ಗಂಟೆಯದು. ಬೆಳಿಗ್ಗೆ 6ಕ್ಕೆ ಎದ್ದು ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ 6ರ ಮೂತ್ರದವರೆಗೆ ಎಲ್ಲವನ್ನೂ ಕ್ಯಾನಿಗೆ ಸೇರಿಸಬೇಕು. ಲ್ಯಾಬಿನವರು ಕ್ಯಾನಿನಲ್ಲಿ ಹಾಕಿಕೊಟ್ಟದ್ದು ಆಸಿಡ್. ನೀರೆಂದು ಚೆಲ್ಲಬೇಡಿ. ಮಗ್ಗಿನಲ್ಲಿ ಹಿಡಿದು ನಿಧಾನ ಸುರಿಯಿರಿ. ನಮ್ಮ ಕಡೆಯ ಬಿಸಿಲಿಗೆ ಕ್ಯಾನನ್ನು ಐಸಿನಲ್ಲೋ ಫ್ರಿಜ್ಜಿನಲ್ಲೋ ಇಡಿ. ನಡುವೆ ಒಂದು ಸಲ ತಪ್ಪಿದರೂ ಮತ್ತೆ ಮೊದಲಿನಿಂದ.

ನೀವು ಕೇಳದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ದೇಶದಲ್ಲಿ ಇದು ಮುಖ್ಯ. ಎಡ, ಬಲ ಎರಡೂ ಅಡ್ರಿನಲ್ ಊದಿಕೊಂಡಿದ್ದರೆ, ತೂಕ ಇಳಿದು, ಸುಸ್ತಾಗಿ, ಬಾಯೊಳಗೆ, ಅಂಗೈ ಗೆರೆಗಳಲ್ಲಿ ಕಪ್ಪು ಕಾಣಿಸಿ, ಬಿಪಿ, ಸೋಡಿಯಂ ಕಡಿಮೆಯಾಗಿದ್ದರೆ, ಟಿಬಿ ಅಥವಾ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರದ ಸೋಂಕನ್ನು ನೆನೆಯಬೇಕು. ಅಲ್ಲಿ ಗ್ರಂಥಿ ಹಾರ್ಮೋನ್ ಮಾಡುವ ಶಕ್ತಿಯನ್ನೇ ಕಳೆದುಕೊಂಡಿರಬಹುದು. ಬೆಳಿಗ್ಗೆ 8ರ ಕಾರ್ಟಿಸಾಲ್, ಎಸಿಟಿಎಚ್ (ಅಡ್ರಿನಲ್ಲನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಮೊದಲು. ಕಾರ್ಟಿಸಾಲ್ ಕಡಿಮೆ ಇದ್ದವರಿಗೆ ಅದರ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಶುರುಮಾಡದೆ ರಿಫಾಂಪಿಸಿನ್ ಕೊಟ್ಟರೆ ಇದ್ದಷ್ಟು ಕಾರ್ಟಿಸಾಲೂ ಬೇಗ ಕರಗಿ ರೋಗಿ ಕುಸಿದು ಬೀಳಬಹುದು.

ಬಯಾಪ್ಸಿಗೆ ನ್ಯಾಯವಾದ ಜಾಗ ಒಂದು ಈ ಸೋಂಕಿನ ಸಂಶಯ. ಬೇರೆ ಅಂಗದ ಕ್ಯಾನ್ಸರ್ ಅಡ್ರಿನಲ್‌ಗೆ ಹರಡಿದೆಯೇ ಎಂಬ ಸಂಶಯವಿದ್ದು, ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಅದು ಇನ್ನೊಂದು. ಎರಡರಲ್ಲೂ ಮೆಟಾನೆಫ್ರಿನ್ ನಾರ್ಮಲ್ ಎಂದು ಬಂದಮೇಲೆಯೇ ಸೂಜಿ. ಸೋಂಕಿನ ಸಂಶಯವಿದ್ದರೆ ತುಣುಕನ್ನು ಎರಡು ಡಬ್ಬಿಯಲ್ಲಿ ಕಳಿಸಬೇಕು: ಸೂಕ್ಷ್ಮದರ್ಶಕದಲ್ಲಿ ನೋಡಲು ಫಾರ್ಮಲಿನ್‌ನಲ್ಲಿ ಒಂದು, ಟಿಬಿ ಮತ್ತು ಶಿಲೀಂಧ್ರದ ಕಲ್ಚರಿಗೆ ಸಲೈನ್‌ನಲ್ಲಿ ಇನ್ನೊಂದು. ಎಲ್ಲವನ್ನೂ ಫಾರ್ಮಲಿನ್‌ಗೇ ಹಾಕಿದರೆ ಕ್ರಿಮಿಗಳು ಸತ್ತುಹೋಗಿ ಕಲ್ಚರ್ ಬೆಳೆಯುವುದಿಲ್ಲ, ರೋಗಿ ಮತ್ತೊಮ್ಮೆ ಸೂಜಿಗೆ ಮಲಗಬೇಕಾಗುತ್ತದೆ.